ಲೈಟ್ ಆರಿತು, ಎಲಿವೇಟರ್ ನಿಲ್ಲಲಿಲ್ಲ: ರೈಸ್ ಮಿಲ್ ಪ್ಯಾನೆಲ್‌ನ ರಿಲೇ ಔಟ್‌ಪುಟ್ ರಿಪೇರಿ

ಪ್ಯಾನೆಲ್ ದಾವಣಗೆರೆ ಹೊರವಲಯದ ಒಂದು ರೈಸ್ ಮಿಲ್‌ನದು. ಭದ್ರಾ ನಾಲೆಯ ಬೇಸಿಗೆ ಭತ್ತ ಬರತೊಡಗಿ, ಮಿಲ್ ದಿನಕ್ಕೆ ಇಪ್ಪತ್ತು ತಾಸು ಓಡುವ ಕಾಲ. ದೂರು ಒಂದೇ ಸಾಲಿನದು: ಪಾಲಿಶರ್ ನಿಂತ ಮೇಲೂ ಅದಕ್ಕೆ ಅಕ್ಕಿ ಏರಿಸುವ ಎಲಿವೇಟರ್ ನಿಲ್ಲುತ್ತಿಲ್ಲ. ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್ ಆದ ಪಿಎಲ್‌ಸಿಯಲ್ಲಿ ಆ ಔಟ್‌ಪುಟ್‌ನ ಲೈಟ್ ಆರಿದೆ, ಮೋಟಾರ್‌ಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್, ಕಾಂಟ್ಯಾಕ್ಟರ್, ಮಾತ್ರ ಹಿಡಿದುಕೊಂಡೇ ಇದೆ. ಹಾಪರ್ ತುಂಬಿ, ಅಕ್ಕಿ ಎಲಿವೇಟರ್‌ನೊಳಗೇ ವಾಪಸ್ ಸುರಿದು, ಬೂಟ್ (ಎಲಿವೇಟರ್‌ನ ತಳದ ಪೆಟ್ಟಿಗೆ) ಕಟ್ಟಿಕೊಂಡು ಬೆಲ್ಟ್ ಜಾರುವ ಹೊತ್ತಿಗೆ ಯಾರೋ ಮೇನ್ ಇಳಿಸಿದ್ದರು. ಬೂಟ್‌ನಿಂದ ಅಕ್ಕಿ ಬಗೆದು ತೆಗೆಯುವುದಕ್ಕೇ ಅರ್ಧ ಪಾಳಿ ಹೋಯಿತು.

ಪಿಎಲ್‌ಸಿಯ ಔಟ್‌ಪುಟ್ ಮಾಡ್ಯೂಲ್‌ನಲ್ಲಿ ಒಟ್ಟು 16 ರಿಲೇಗಳು (ಕಾಯಿಲ್‌ಗೆ ಕರೆಂಟ್ ಬಂದರೆ ಕಾಂಟ್ಯಾಕ್ಟ್ ಮುಚ್ಚುವ ಸಣ್ಣ ಸ್ವಿಚ್), ಎಂಟೆಂಟಕ್ಕೆ ಒಂದು ಕಾಮನ್ (ಎಂಟಕ್ಕೂ ಕರೆಂಟ್ ಬರುವ ಒಂದೇ ಟರ್ಮಿನಲ್). ತಲಾ 2 ಆಂಪಿಯರ್ ಎಂದು ಲೆಕ್ಕ. ಅದರ ಮೇಲೆ ಕೂತಿದ್ದ ಹೊರೆ ಹೀಗಿತ್ತು: ಮೋಟಾರ್ ಕಾಂಟ್ಯಾಕ್ಟರ್‌ಗಳ 230 ವೋಲ್ಟ್ ಎಸಿ ಕಾಯಿಲ್ 10, ಒಂದು ಹೂಟರ್, ಡಸ್ಟ್ ಫಿಲ್ಟರ್‌ನ ಚೀಲ ಕೊಡವುವ ಪಲ್ಸ್ ಜೆಟ್ ವಾಲ್ವ್ 4 (24 ವೋಲ್ಟ್ ಡಿಸಿ, ತಲಾ ಸುಮಾರು 20 ವ್ಯಾಟ್), ಒಂದು ಖಾಲಿ. ಕಾಗದದ ಮೇಲೆ ಯಾವುದೂ 2 ಆಂಪಿಯರ್‌ನ ಹತ್ತಿರಕ್ಕೂ ಬರುವುದಿಲ್ಲ. ಆದರೂ ನಾಲ್ಕು ರಿಲೇ ಹೋಗಿದ್ದವು, ಆರನ್ನು ಬದಲಿಸಬೇಕಾಯಿತು. ಈ ಬರಹದ ಅರ್ಧ ಭಾಗ ಯಾಕೆ ಹೋದವು ಎಂಬುದಕ್ಕೆ, ಉಳಿದರ್ಧ ಮುಂದೆ ಹೋಗದಂತೆ ಮಾಡಿದ ಕೆಲಸಕ್ಕೆ.

ಹುಡುಕಿದ್ದು

ಮೊದಲು ತಲೆಯಿಂದ ತೆಗೆದುಹಾಕಬೇಕಾದದ್ದು, ಔಟ್‌ಪುಟ್ ಲೈಟ್ ಮೇಲಿನ ನಂಬಿಕೆ. ಆ ಲೈಟ್ ಹೇಳುವುದು ರಿಲೇ ಕಾಯಿಲ್‌ನ ಸುದ್ದಿ. ಕಾಂಟ್ಯಾಕ್ಟ್ ಏನು ಮಾಡುತ್ತಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಪ್ರೋಗ್ರಾಂ ಆಫ್ ಎಂದಿತು, ಕಾಯಿಲ್ ಬಿಟ್ಟಿತು, ಲೈಟ್ ಆರಿತು, ಕಾಂಟ್ಯಾಕ್ಟ್ ಅಂಟಿಕೊಂಡೇ ಉಳಿಯಿತು.

ಮೇನ್ ಇಳಿಸಿ, ಕಂಟ್ರೋಲ್ ಫ್ಯೂಸ್ ತೆಗೆದು, ಔಟ್‌ಪುಟ್ ಟರ್ಮಿನಲ್‌ನಿಂದ ವೈರ್ ಬಿಚ್ಚಿ, ಕಾಮನ್‌ಗೂ ಆ ಟರ್ಮಿನಲ್‌ಗೂ ನಡುವೆ ಓಮ್ ಅಳೆಯಬೇಕು. ವೈರ್ ಬಿಚ್ಚದೆ ಅಳೆದರೆ ಕಾಂಟ್ಯಾಕ್ಟರ್ ಕಾಯಿಲ್ ಮತ್ತು ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಸುತ್ತಿಕೊಂಡು ಬಂದ ಓಮ್ ತೋರಿಸಿ ದಾರಿ ತಪ್ಪಿಸುತ್ತದೆ. ಇಲ್ಲಿ ಮೀಟರ್ 0.2 ಓಮ್ ತೋರಿಸಿತು. ಪ್ರೋಬ್ ಎರಡನ್ನೂ ಒಂದಕ್ಕೊಂದು ಮುಟ್ಟಿಸಿದರೂ ಅಷ್ಟೇ. ಅಂದರೆ ಪೂರ್ತಿ ಬೆಸೆದಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ಮಾಡ್ಯೂಲ್‌ಗೆ ಮೆಲ್ಲಗೆ ಕುಟ್ಟಿದರೆ ಒಮ್ಮೊಮ್ಮೆ ಬಿಟ್ಟುಕೊಳ್ಳುತ್ತದೆ. ಬಿಟ್ಟಿತಲ್ಲ ಎಂದು ಮತ್ತೆ ಓಡಿಸಿದರೆ ಅದೇ ವಾರದಲ್ಲಿ, ಬಹುಮಟ್ಟಿಗೆ ರಾತ್ರಿ ಪಾಳಿಯಲ್ಲಿ, ಮತ್ತೆ ಅಂಟುತ್ತದೆ. ಬೆಸೆದು ಬಿಟ್ಟ ಮುಖ ಒರಟಾಗಿರುತ್ತದೆ, ಒರಟು ಮುಖ ಬೇಗ ಬೆಸೆಯುತ್ತದೆ.

ಉಳಿದ ಹದಿನೈದನ್ನೂ ಹೀಗೇ ನೋಡಿದ್ದಾಯಿತು. ಪಲ್ಸ್ ಜೆಟ್‌ನ ನಾಲ್ಕರಲ್ಲಿ ಎರಡು ಆಗಾಗ ಹಿಡಿಯುತ್ತಿರಲಿಲ್ಲ. ಇನ್ನೊಂದರ ಕಾಯಿಲೆ ತಿರುಗಾಮುರುಗಾ: ಲೈಟ್ ಹತ್ತುತ್ತದೆ, ಕಾಂಟ್ಯಾಕ್ಟರ್ ಹಮ್ ಎನ್ನುತ್ತದೆ, ಕೆಲವೊಮ್ಮೆ ಎಳೆಯುವುದೇ ಇಲ್ಲ. ಇದನ್ನು ಓಮ್ ಮೀಟರ್‌ನಿಂದ ಹಿಡಿಯಲಾಗುವುದಿಲ್ಲ. ಲೋಡ್ ಇಲ್ಲದೆ ವೋಲ್ಟ್ ಅಳೆದರೂ 230 ಸರಿಯಾಗಿಯೇ ಬರುತ್ತದೆ. ಕಾಯಿಲ್ ಜೋಡಿಸಿ, ಆನ್ ಇರುವಾಗಲೇ, ಕಾಮನ್ ಮತ್ತು ಔಟ್‌ಪುಟ್ ಟರ್ಮಿನಲ್ ನಡುವೆ ವೋಲ್ಟೇಜ್ ಅಳೆಯಬೇಕು. ಒಳ್ಳೆಯ ಕಾಂಟ್ಯಾಕ್ಟ್‌ನಲ್ಲಿ ಅದು 0.1 ವೋಲ್ಟ್ ದಾಟಬಾರದು. ಇಲ್ಲಿ ಒಂದು ಕಡೆ ನಿಲ್ಲದೆ, ಒಮ್ಮೆ 2, ಒಮ್ಮೆ 9 ಎಂದು ಓಡಾಡುತ್ತಿತ್ತು.

ಎಲಿವೇಟರ್ ಔಟ್‌ಪುಟ್ ಯಾಕೆ ಬೆಸೆಯಿತು ಎಂಬುದು ಮಾತ್ರ ಬಗೆಹರಿದಿರಲಿಲ್ಲ. ಅದು ಸಣ್ಣ ಮೋಟಾರ್, ಕಾಂಟ್ಯಾಕ್ಟರ್ ಕೂಡ ಸಣ್ಣದು: ಎಳೆಯುವ ಕ್ಷಣಕ್ಕೆ 70 ವಿಎ (ವೋಲ್ಟ್-ಆಂಪಿಯರ್), ಹಿಡಿದ ಮೇಲೆ 7 ವಿಎ. 230 ವೋಲ್ಟ್‌ನಲ್ಲಿ ಅದು 0.3 ಆಂಪಿಯರ್, ಆಮೇಲೆ 0.03. ಹೊಸ ರಿಲೇ ಹಾಕುವ ಮುಂಚೆ ಆ ಔಟ್‌ಪುಟ್‌ನ ವೈರ್‌ನಲ್ಲಿ ನಿಜಕ್ಕೂ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ನೋಡಲೇಬೇಕು. ಕ್ಲ್ಯಾಂಪ್ ಮೀಟರ್ ಇಷ್ಟು ಸಣ್ಣ ಕರೆಂಟನ್ನು ನೆಟ್ಟಗೆ ತೋರಿಸುವುದಿಲ್ಲ; ವೈರನ್ನು ದವಡೆಯೊಳಗೆ ಹತ್ತು ಸುತ್ತು ಸುತ್ತಿ, ಬಂದದ್ದನ್ನು ಹತ್ತರಿಂದ ಭಾಗಿಸಬೇಕು. ಮೀಟರ್‌ನಲ್ಲಿ 4.9 ಬಂತು. ಅಂದರೆ 0.49 ಆಂಪಿಯರ್. ಇರಬೇಕಾದದ್ದು 0.03.

ಕಾಂಟ್ಯಾಕ್ಟರ್‌ನ ಎ1 ಟರ್ಮಿನಲ್‌ಗೆ (ಕಾಯಿಲ್‌ನ ಎರಡು ತುದಿಗಳೇ ಎ1, ಎ2) ಎರಡು ವೈರ್ ಇದ್ದವು. ಎರಡನೆಯದು ಕೇಬಲ್ ಟ್ರೇ ಹಿಡಿದು ಎಲಿವೇಟರ್ ಗುಂಡಿಗೆ ಇಳಿದು, ಅಲ್ಲಿನ 100 ವ್ಯಾಟ್ ಎಲ್‌ಇಡಿ ಫೋಕಸ್ ಲೈಟ್‌ಗೆ ಸೇರಿತ್ತು. ಎಲಿವೇಟರ್ ಓಡುವಾಗ ಗುಂಡಿಯಲ್ಲಿ ಬೆಳಕಿರಲಿ ಎಂದು ಯಾರೋ ಜಾಣತನ ಮಾಡಿದ್ದರು. ಎಲ್‌ಇಡಿ ಲೈಟ್‌ನ ಡ್ರೈವರ್ ಒಳಗೆ ಬಾಯ್ತೆರೆದ ಕೆಪಾಸಿಟರ್ ಇರುತ್ತದೆ. ಓಡುವಾಗ ಅದು ಅರ್ಧ ಆಂಪಿಯರ್ ಕೂಡ ತಿನ್ನುವುದಿಲ್ಲ. ಆದರೆ ಸೈನ್ ಅಲೆಯ ತುದಿಯಲ್ಲಿ ಸ್ವಿಚ್ ಬಿದ್ದರೆ ಮಿಲಿಸೆಕೆಂಡ್‌ಗೂ ಕಡಿಮೆ ಹೊತ್ತು ಮೂವತ್ತು ನಲವತ್ತು ಆಂಪಿಯರ್ ಎಳೆದುಬಿಡಬಲ್ಲದು. ರಿಲೇ ಕಾಂಟ್ಯಾಕ್ಟ್ ಮುಚ್ಚುವಾಗ ಒಂದೆರಡು ಮಿಲಿಸೆಕೆಂಡ್ ಪುಟಿಯುತ್ತದೆ, ಕರೆಂಟ್ ನುಗ್ಗುವುದು ಸರಿಯಾಗಿ ಆ ಹೊತ್ತಿಗೇ. ಬೆಸುಗೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ.

ಸಾಲದ್ದಕ್ಕೆ, ಹಾಪರ್‌ನ ಲೆವೆಲ್ ಸ್ವಿಚ್ ತುಂಬುವ ಹಂತದಲ್ಲಿ ಮಿಣಮಿಣ ಎನ್ನುತ್ತಿತ್ತು, ಪ್ರೋಗ್ರಾಂನಲ್ಲಿ ಅದಕ್ಕೆ ಡಿಲೇ ಇರಲಿಲ್ಲ. ಪ್ರತಿ ಸಲ ಹಾಪರ್ ತುಂಬಿದಾಗ ರಿಲೇ ನಾಲ್ಕೈದು ಬಾರಿ ಹೊಡೆದುಕೊಂಡೇ ನಿಲ್ಲುತ್ತಿತ್ತು.

ಪಲ್ಸ್ ಜೆಟ್‌ನ ಕಥೆ ಬೇರೆ, ಅದು ಬರೀ ಲೆಕ್ಕ. ನಾಲ್ಕು ವಾಲ್ವ್ ಸರದಿಯಂತೆ 10 ಸೆಕೆಂಡ್‌ಗೊಂದು ಹೊಡೆಯುತ್ತವೆ, ಅಂದರೆ ಒಂದೊಂದು ವಾಲ್ವ್ 40 ಸೆಕೆಂಡ್‌ಗೊಮ್ಮೆ. ಇಪ್ಪತ್ತು ತಾಸಿಗೆ 1800 ಸಲ. ಇಂಥ ಮಾಡ್ಯೂಲ್‌ಗಳ ರಿಲೇಗೆ ಪೂರ್ತಿ ಲೋಡ್‌ನಲ್ಲಿ ಸಾಮಾನ್ಯವಾಗಿ ಹೇಳುವ ಆಯುಸ್ಸು 1 ಲಕ್ಷ ಸಲ. ಭಾಗಿಸಿದರೆ 55 ದಿನ. ವಾಲ್ವ್ ಕಾಯಿಲ್ ಪೂರ್ತಿ ಲೋಡ್ ಅಲ್ಲ ನಿಜ, ಆದರೆ ಇಂಡಕ್ಟಿವ್, ಅದರಲ್ಲೂ ಡಿಸಿ, ಅದರಲ್ಲೂ ಸರ್ಜ್ (ಕಾಯಿಲ್ ಬಿಡುವಾಗ ಏಳುವ ವೋಲ್ಟೇಜ್ ಏಟು) ತಡೆಯಲು ಏನನ್ನೂ ಹಾಕಿರಲಿಲ್ಲ. ಒಂದು ಸುಗ್ಗಿ ಬಾಳಿದ್ದೇ ದೊಡ್ಡದು.

ಒಳಗಿನ ರಿಲೇ ಬದಲಿಸಿದ್ದು

ಹೊಸ ಮಾಡ್ಯೂಲ್ ತರಿಸುವುದು ಸುಲಭ. ಆದರೆ ಸುಗ್ಗಿಯಲ್ಲಿ ಎರಡು ವಾರ ಕಾಯಲಾಗದು. ಮಾಡ್ಯೂಲ್ ಬಿಚ್ಚಿದರೆ ಒಳಗಿರುವುದು ಐದು ಕಾಲಿನ ಸಾಮಾನ್ಯ ರಿಲೇ. ಮೈಮೇಲೆ ಬರೆದ ಕಾಯಿಲ್ ವೋಲ್ಟೇಜನ್ನು ಕಣ್ಣಿಟ್ಟು ಓದಿ. ನೋಡಲು ಒಂದೇ ಥರದ 5, 12, 24 ವೋಲ್ಟ್‌ನ ರಿಲೇಗಳಿವೆ, ಕಾಲುಗಳೂ ಒಂದೇ ಕಡೆ ಇರುತ್ತವೆ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ರಾತ್ರಿ ಬಸ್‌ಗೆ ಹಾಕಿಸಿದರೆ ಬೆಳಗ್ಗೆ ಕೈಗೆ ಸಿಗುತ್ತದೆ. ಆರು ಬೇಕಿತ್ತು, ಎಂಟು ತರಿಸಿದ್ದು.

ಬೋರ್ಡ್ ಮೇಲೆ ವಾರ್ನಿಷ್ ಲೇಪ ಇತ್ತು. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಳೆಯ ಟೂತ್‌ಬ್ರಷ್ ಅದ್ದಿ ಕಾಲುಗಳ ಸುತ್ತ ಉಜ್ಜಿ ತೆಗೆಯಬೇಕು. ಹಾಗೇ ಐರನ್ ಇಟ್ಟರೆ ಕರಕಲಾಗುತ್ತದೆ. ಐರನ್ 350 ಡಿಗ್ರಿ. ಹಳೆಯ ಬೆಸುಗೆ ಕರಗದೆ ಹಟ ಮಾಡಿದರೆ ಮೊದಲು ಅದರ ಮೇಲೆ ಹೊಸ 60/40 ತವರ-ಸೀಸದ ಬೆಸುಗೆ ಹಾಕಿ, ಎರಡೂ ಬೆರೆತ ಮೇಲೆ ಪಂಪ್‌ನಿಂದ ಎಳೆಯಿರಿ. ಕಾಂಟ್ಯಾಕ್ಟ್ ಕಾಲುಗಳು ಅಗಲ ತಾಮ್ರದ ಟ್ರ್ಯಾಕ್‌ಗೆ ಕೂತಿರುವುದರಿಂದ ಬಿಸಿಯನ್ನು ಕುಡಿದುಬಿಡುತ್ತವೆ. ಅವಸರಪಟ್ಟು ರಿಲೇ ಅಲ್ಲಾಡಿಸಿ ಕಿತ್ತರೆ ಪ್ಯಾಡ್ ಎದ್ದು ಬರುತ್ತದೆ. ಹಳೆಯ ರಿಲೇಯನ್ನು ಹೇಗೂ ಉಳಿಸಬೇಕಿಲ್ಲ. ಕಟರ್‌ನಿಂದ ಪ್ಲಾಸ್ಟಿಕ್ ಒಡೆದು, ಕಾಲುಗಳನ್ನು ಒಂದೊಂದಾಗಿ ಕತ್ತರಿಸಿ ಎಳೆಯುವುದೇ ಬೋರ್ಡ್‌ಗೆ ಕ್ಷೇಮ.

ಒಡೆದ ರಿಲೇಗಳನ್ನು ಬಿಸಾಡುವ ಮೊದಲು ಭೂತಗನ್ನಡಿಯಲ್ಲಿ ನೋಡಿ. ಎಲಿವೇಟರ್‌ನದರಲ್ಲಿ ಕಾಂಟ್ಯಾಕ್ಟ್‌ನ ಎರಡೂ ಬೆಳ್ಳಿ ಗುಂಡಿಗಳ ನಡುವೆ ಸಾಸಿವೆಗಿಂತ ಸಣ್ಣ ಹೊಳೆಯುವ ಹನಿ, ಸುತ್ತ ಮಸಿ ತೀರಾ ಕಡಿಮೆ. ಇದು ಒಂದೇ ಏಟಿನ ಬೆಸುಗೆ, ನುಗ್ಗು ಕರೆಂಟ್‌ನ ಗುರುತು. ಪಲ್ಸ್ ಜೆಟ್‌ನದರಲ್ಲಿ ಒಂದು ಗುಂಡಿಯಲ್ಲಿ ಗುಳಿ, ಎದುರಿನದರಲ್ಲಿ ಆ ಗುಳಿಗೆ ಸರಿಹೊಂದುವ ಮೊನೆ, ಒರಳಿಗೆ ಒನಕೆಯಂತೆ. ಡಿಸಿಯಲ್ಲಿ ಕರೆಂಟ್ ಸದಾ ಒಂದೇ ದಿಕ್ಕಿಗೆ ಹರಿಯುವುದರಿಂದ ಲೋಹವೂ ಒಂದೇ ದಿಕ್ಕಿಗೆ ಸಾಗುತ್ತದೆ. ಕೊನೆಗೆ ಮೊನೆ ಗುಳಿಯೊಳಗೆ ಸಿಕ್ಕಿಕೊಳ್ಳುತ್ತದೆ. ಹಿಡಿಯದ ಆರನೆಯದರಲ್ಲಿ ಬರೀ ಕಪ್ಪು ಮಸಿ. ಮೂರು ರಿಲೇ, ಮೂರು ಸಾವು. ಮೂರಕ್ಕೂ ಬೇರೆ ಬೇರೆ ಮದ್ದು.

ನಾಲ್ಕೂ ಪಲ್ಸ್ ಜೆಟ್ ರಿಲೇ, ಎಲಿವೇಟರ್‌ನದು, ಮಸಿ ಹಿಡಿದದ್ದು, ಒಟ್ಟು ಆರು ಬದಲಾಯಿಸಿ, ಫ್ಲಕ್ಸ್ ತೊಳೆದು, ಮತ್ತೆ ವಾರ್ನಿಷ್ ಹೊಡೆದದ್ದಾಯಿತು. ತೌಡಿನ ದೂಳು ಬೋರ್ಡ್ ಮೇಲೆ ಕೂತು ಮಳೆಗಾಲದ ತೇವ ಹೀರಿದರೆ ಸೋರಿಕೆ ಶುರು, ಲೇಪ ಬಿಡಬೇಡಿ.

ನಡುವೆ ಕೂರುವ ರಿಲೇ ಕಾರ್ಡ್

ಇಲ್ಲಿಗೆ ನಿಲ್ಲಿಸಿದ್ದರೆ ಮುಂದಿನ ಸುಗ್ಗಿಗೆ ಇದೇ ಕೆಲಸ ಮತ್ತೆ. ಪಿಎಲ್‌ಸಿಯ ಒಳಗಿನ ರಿಲೇಗೆ ದುಡಿಸುವ ಕೆಲಸ ಕೊಡಬಾರದು. ಅದು ಹೊರಗಿನ ಒಂದು ದೊಡ್ಡ ರಿಲೇಗೆ ಅಪ್ಪಣೆ ಕೊಟ್ಟರೆ ಸಾಕು. ಸಾಯುವುದಿದ್ದರೆ ಹೊರಗಿನದು ಸಾಯಲಿ, ಸಾಕೆಟ್‌ನಿಂದ ಕಿತ್ತು ಒಂದು ನಿಮಿಷದಲ್ಲಿ ಇನ್ನೊಂದು ತುರುಕಬಹುದು. ಮೂರು ನಾಲ್ಕು ಔಟ್‌ಪುಟ್ ಮಾತ್ರ ಇದ್ದರೆ ಡಿನ್ ರೈಲ್ (ಪ್ಯಾನೆಲ್ ಒಳಗಿನ ಲೋಹದ ಪಟ್ಟಿ) ಮೇಲೆ ಕೂರುವ ರೆಡಿ ಸಾಕೆಟ್ ರಿಲೇ ಕೊಳ್ಳಿ, ಕಾರ್ಡ್ ಮಾಡುವ ತಲೆನೋವು ಬೇಡ. ಇಲ್ಲಿ ಹನ್ನೆರಡು ಬೇಕಿತ್ತು, ಒಂದೊಂದಕ್ಕೂ ಬೇರೆ ಫ್ಯೂಸ್ ಬೇಕಿತ್ತು. ಹಾಗಾಗಿ ಎಂಟೆಂಟು ಚಾನೆಲ್‌ನ ಎರಡು ಕಾರ್ಡ್.

ಆರ್ಡುಯಿನೋ ಜೊತೆ ಸಿಗುವ ನೀಲಿ ರಿಲೇಗಳ ಅಗ್ಗದ ಬೋರ್ಡ್ ತಂದು ಹಾಕುವವರಿದ್ದಾರೆ. ಮೈಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ. ಬೋರ್ಡ್ ತಿರುಗಿಸಿ ನೋಡಿ: ಕಾಯಿಲ್‌ನ ಟ್ರ್ಯಾಕ್‌ಗೂ 230 ವೋಲ್ಟ್ ಟ್ರ್ಯಾಕ್‌ಗೂ ನಡುವೆ ಎರಡು ಮೂರು ಮಿಲಿಮೀಟರ್ ಕೂಡ ಇರದ ಬೋರ್ಡ್‌ಗಳು ಎಷ್ಟೋ. ಮೇಜಿನ ಮೇಲಿನ ಆಟಕ್ಕೆ ಅದು ಸಾಕು, ಗಿರಣಿಯ ದೂಳಿಗೆ ಸಾಲದು.

ಆರಿಸಿದ್ದು 29 ಮಿ.ಮೀ. ಉದ್ದ, 12.7 ಅಗಲ, 15.7 ಎತ್ತರದ ಅಳತೆಯ ಪಿಸಿಬಿ ರಿಲೇ. ಒಂದು ಚೇಂಜ್‌ಓವರ್ (ಎರಡು ಕಡೆಗೆ ಹೊರಳುವ ಕಾಂಟ್ಯಾಕ್ಟ್), 12 ಆಂಪಿಯರ್. ಈ ಅಳತೆಯ ರಿಲೇಯಲ್ಲಿ ಕಾಯಿಲ್ ಕಾಲುಗಳು ಒಂದು ತುದಿಗೆ, ಕಾಂಟ್ಯಾಕ್ಟ್ ಕಾಲುಗಳು ಇನ್ನೊಂದು ತುದಿಗೆ. ಒಳಗೂ ಎರಡರ ನಡುವೆ 8 ಮಿ.ಮೀ. ಅಂತರ ಕೊಟ್ಟಿರುತ್ತಾರೆ. ಕಾಯಿಲ್ 24 ವೋಲ್ಟ್ ಡಿಸಿ, 1440 ಓಮ್, ಅಂದರೆ 16.7 ಮಿಲಿಆಂಪಿಯರ್. ಕಾಂಟ್ಯಾಕ್ಟ್ ಲೋಹ ಕೇಳಿ ತೆಗೆದುಕೊಳ್ಳಿ: ಸಿಲ್ವರ್ ನಿಕಲ್ ಎಂದರೆ ಸಾಮಾನ್ಯ ಕೆಲಸಕ್ಕೆ, ಸಿಲ್ವರ್ ಟಿನ್ ಆಕ್ಸೈಡ್ ಎಂದರೆ ನುಗ್ಗು ಕರೆಂಟ್ ಇರುವ ಕಡೆಗೆ. ಕಾಂಟ್ಯಾಕ್ಟರ್ ಕಾಯಿಲ್‌ಗೆ ಎರಡನೆಯದೇ ಮೇಲು. ಇನ್ವರ್ಟರ್ ಡ್ರೈವ್‌ನ ಇನ್‌ಪುಟ್‌ನಂಥ ಐದಾರು ಮಿಲಿಆಂಪಿಯರ್ ಸಿಗ್ನಲ್‌ಗೆ ಎರಡೂ ಬೇಡ, ಚಿನ್ನದ ಲೇಪದ್ದು ಬೇಕು. ಅಷ್ಟು ಸಣ್ಣ ಕರೆಂಟ್‌ಗೆ ಬೆಳ್ಳಿ ಮೇಲಿನ ಕಿಲುಬನ್ನು ಸುಟ್ಟು ದಾಟುವ ಶಕ್ತಿ ಇರುವುದಿಲ್ಲ.

ಸಾಮಾನಿನ ಲೆಕ್ಕ: ಸಾಕೆಟ್ 16, ರಿಲೇ 14 (ಹನ್ನೆರಡು ಹಾಕಲು, ಎರಡು ಕೈಗಾವಲು), ಹಿಡಿದಿಡುವ ಕ್ಲಿಪ್ 16, 1ಎನ್4007 ಡಯೋಡ್ 18, 3 ಮಿ.ಮೀ. ಎಲ್‌ಇಡಿ 16, 4.7 ಕಿಲೋಓಮ್ ಕಾಲು ವ್ಯಾಟ್ ರೆಸಿಸ್ಟರ್ 16, 5×20 ಮಿ.ಮೀ. ಫ್ಯೂಸ್ ಹೋಲ್ಡರ್ 16, 2 ಆಂಪಿಯರ್ ಸ್ಲೋ ಸಿರಾಮಿಕ್ ಫ್ಯೂಸ್ 25, ಮತ್ತು 5.08 ಮಿ.ಮೀ. ಅಂತರದ ಸ್ಕ್ರೂ ಟರ್ಮಿನಲ್. ಕ್ಲಿಪ್ ಯಾಕೆಂದರೆ, ಜರಡಿಗಳ ನಡುಕ ಗೋಡೆ ಹಿಡಿದು ಪ್ಯಾನೆಲ್‌ಗೂ ಬರುತ್ತದೆ. ಕ್ಲಿಪ್ ಇಲ್ಲದ ರಿಲೇ ಮೂರು ತಿಂಗಳಿಗೆ ಸಾಕೆಟ್‌ನಿಂದ ಅರ್ಧ ಎದ್ದು ಕೂತಿರುತ್ತದೆ. ಫ್ಯೂಸ್ ಗಾಜಿನದು ಬೇಡ. ಗಾಜಿನ ಸಣ್ಣ ಫ್ಯೂಸ್ ಸುರಕ್ಷಿತವಾಗಿ ಕಡಿಯಬಲ್ಲದ್ದು 35 ಆಂಪಿಯರ್‌ವರೆಗೆ ಮಾತ್ರ, ಮರಳು ತುಂಬಿದ ಸಿರಾಮಿಕ್ 1500ರವರೆಗೆ. ಬೆಲೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

ಬೋರ್ಡ್ 1.6 ಮಿ.ಮೀ. ಗ್ಲಾಸ್ ಇಪಾಕ್ಸಿ, 35 ಮೈಕ್ರಾನ್ ತಾಮ್ರ. 230 ವೋಲ್ಟ್ ಟ್ರ್ಯಾಕ್ 3 ಮಿ.ಮೀ. ಅಗಲ, ಅದು 5 ಆಂಪಿಯರ್‌ಗೆ ತಣ್ಣಗಿರುತ್ತದೆ. 24 ವೋಲ್ಟ್ ಬದಿಗೂ 230 ಬದಿಗೂ ನಡುವೆ ಎಲ್ಲೂ 8 ಮಿ.ಮೀ.ಗೆ ಕಡಿಮೆ ಬಿಡಬಾರದು, ರಿಲೇ ಹೊಟ್ಟೆಯ ಕೆಳಗೆ ಯಾವ ಟ್ರ್ಯಾಕ್ ಕೂಡ ಹಾಯಬಾರದು. ಒಂದು ಕಾರ್ಡ್‌ಗೆ ಒಂದೇ ಫೇಸ್. ಇಲ್ಲಿ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್‌ನಿಂದ ಬರುವ 230 ಒಂದೇ ಇದ್ದದ್ದರಿಂದ ಆ ತೊಂದರೆ ಬರಲಿಲ್ಲ.

ಒಂದು ಚಾನೆಲ್‌ನ ಜೋಡಣೆ ಇಷ್ಟೇ: ಪಿಎಲ್‌ಸಿ ಔಟ್‌ಪುಟ್‌ನಿಂದ ಬರುವ 24 ವೋಲ್ಟ್ ಕಾಯಿಲ್‌ನ ಒಂದು ಕಾಲಿಗೆ, ಇನ್ನೊಂದು ಕಾಲು ಸೊನ್ನೆ ವೋಲ್ಟ್‌ಗೆ. ಡಯೋಡ್ ಕಾಯಿಲ್‌ಗೆ ಅಡ್ಡಲಾಗಿ, ಬೆಳ್ಳಿ ಗೆರೆ ಇರುವ ತುದಿ ಪ್ಲಸ್ ಕಡೆಗೆ. ಎಲ್‌ಇಡಿ ಮತ್ತು 4.7 ಕಿಲೋಓಮ್ ಸರಣಿಯಲ್ಲಿ, ಅದೂ ಕಾಯಿಲ್‌ಗೆ ಅಡ್ಡ. ಅದು 4.7 ಮಿಲಿಆಂಪಿಯರ್ ಕುಡಿಯುತ್ತದೆ, ಹಗಲಿನಲ್ಲೂ ಕಾಣುವಷ್ಟು ಬೆಳಗುತ್ತದೆ. ಹೀಗೆ ಒಂದು ಚಾನೆಲ್‌ಗೆ ಸುಮಾರು 21 ಮಿಲಿಆಂಪಿಯರ್, ಹನ್ನೆರಡಕ್ಕೆ 260ರ ಆಸುಪಾಸು, ಇದ್ದ 2.5 ಆಂಪಿಯರ್ ಎಸ್‌ಎಂಪಿಎಸ್‌ಗೆ (24 ವೋಲ್ಟ್ ಕೊಡುವ ಪವರ್ ಸಪ್ಲೈ) ಇದೊಂದು ಭಾರವಲ್ಲ. ಮಿಕ್ಕ ಎರಡು ಡಯೋಡ್ ಕಾರ್ಡ್‌ಗೊಂದರಂತೆ, ಸೊನ್ನೆ ವೋಲ್ಟ್ ದಾರಿಯಲ್ಲಿ ಸರಣಿಯಾಗಿ. ಯಾರಾದರೂ ಪ್ಲಸ್ ಮೈನಸ್ ತಿರುಗಿಸಿ ಕೊಟ್ಟರೆ ಎಂಟೂ ಡಯೋಡ್‌ಗಳ ಮೂಲಕ ಶಾರ್ಟ್ ಆಗುವುದನ್ನು ಅದು ತಡೆಯುತ್ತದೆ.

ಬೇಸಿಗೆಯ ಒಂದು ಲೆಕ್ಕ ಇಲ್ಲಿ ಮಾಡಲೇಬೇಕು. ಈ ರಿಲೇ ತಣ್ಣಗಿರುವಾಗ 16.8 ವೋಲ್ಟ್‌ಗೆ ಎಳೆಯುತ್ತದೆ. ತಾಮ್ರದ ಓಮ್ ಒಂದು ಡಿಗ್ರಿಗೆ ಶೇ. 0.39ರಷ್ಟು ಏರುತ್ತದೆ. ಏಪ್ರಿಲ್‌ನಲ್ಲಿ ಹೊರಗೆ 38 ಡಿಗ್ರಿ ಇದ್ದರೆ ಮುಚ್ಚಿದ ಪ್ಯಾನೆಲ್ ಒಳಗೆ 55ರಿಂದ 60. ಕಾಯಿಲ್ 35 ಡಿಗ್ರಿ ಹೆಚ್ಚು ಬಿಸಿಯಾಯಿತೆಂದರೆ ಎಳೆಯುವ ವೋಲ್ಟೇಜ್ 19ಕ್ಕೆ ಏರಿತು. ಸರಣಿ ಡಯೋಡ್ 0.7 ತಿಂದಿತು. ಎಸ್‌ಎಂಪಿಎಸ್‌ನ ಟ್ರಿಮ್ಮರ್ (ವೋಲ್ಟೇಜ್ ಹೊಂದಿಸುವ ಪುಟ್ಟ ತಿರುಪು) ಸರಿದು 22ಕ್ಕೆ ಬಂದಿದ್ದರೆ ಉಳಿದದ್ದು ಎರಡು ವೋಲ್ಟ್ ಚಿಲ್ಲರೆ. ಮಧ್ಯಾಹ್ನ ಮಾತ್ರ ಕೈಕೊಡುವ ರಿಲೇ ಎಂಬ ದೂರಿನ ಬೇರು ಬಹಳ ಸಲ ಇಲ್ಲಿರುತ್ತದೆ. ಟ್ರಿಮ್ಮರ್‌ನಿಂದ 24.5ಕ್ಕೆ ಏರಿಸಿಟ್ಟದ್ದಾಯಿತು.

ವೈರಿಂಗ್, ಮತ್ತು ಮರೆತರೆ ಮಾಡ್ಯೂಲ್ ಸುಡುವ ಒಂದು ಕೊಂಡಿ

ಮೊದಲು ಮಾಡ್ಯೂಲ್‌ನ ಎರಡೂ ಕಾಮನ್‌ಗೆ ಬರುತ್ತಿದ್ದದ್ದು ಬೇರೆ ಬೇರೆ: ಒಂದಕ್ಕೆ 230ರ ಫೇಸ್, ಇನ್ನೊಂದಕ್ಕೆ ಭಾಗ 230, ಭಾಗ 24 ಆಗಬಾರದೆಂದು ಹೊರಗಿನ ಟರ್ಮಿನಲ್‌ನಲ್ಲಿ ಏನೇನೋ ಸರ್ಕಸ್. ಈಗ ಎರಡೂ ಕಾಮನ್‌ಗೆ 24 ವೋಲ್ಟ್ ಪ್ಲಸ್. ಹೀಗೆ ಬದಲಿಸುವಾಗ ಆ ಗುಂಪಿನ ಎಂಟೂ ಔಟ್‌ಪುಟ್ ಒಟ್ಟಿಗೆ ಬದಲಾಗಬೇಕು. ಹಳೆಯ 230 ವೈರ್ ಒಂದೇ ಒಂದು ಉಳಿದರೂ, ಉದಾಹರಣೆಗೆ ಟೆಸ್ಟ್ ಬಟನ್ ಮೂಲಕ ಬೇರೆ ದಾರಿಯಿಂದ ಫೇಸ್ ಬರುವ ಹೂಟರ್‌ನ ವೈರ್, ಆ ರಿಲೇ ಮುಚ್ಚಿದ ಕ್ಷಣ 230 ವೋಲ್ಟ್ ನೇರ 24ರ ಬಸ್‌ಗೆ ನುಗ್ಗುತ್ತದೆ. ಸೆನ್ಸರ್, ಪಿಎಲ್‌ಸಿ, ಎಸ್‌ಎಂಪಿಎಸ್ ಎಲ್ಲ ಒಂದೇ ಸಲಕ್ಕೆ. ಇಲ್ಲೂ ಹೂಟರ್‌ಗೆ ಅಂಥದೇ ಕೊಂಡಿ ಇತ್ತು; ಮೇನ್ ಹಾಕುವ ಮುಂಚೆ ಮಾಡ್ಯೂಲ್‌ನ ಟರ್ಮಿನಲ್ ಬ್ಲಾಕ್ ಕಳಚಿಟ್ಟು, 230 ಮಾತ್ರ ಕೊಟ್ಟು, ಕಳಚಿದ ಬ್ಲಾಕ್‌ನ ಒಂದೊಂದು ವೈರನ್ನೂ, ಟೆಸ್ಟ್ ಬಟನ್ ಒತ್ತಿಯೂ ಒಮ್ಮೆ, ನ್ಯೂಟ್ರಲ್‌ಗೆ ಅಳೆದಿದ್ದರಿಂದ ಸಿಕ್ಕಿತು. ಹತ್ತು ನಿಮಿಷದ ಕೆಲಸ, ಬಿಡಬೇಡಿ.

ಎಸಿ ಕಂಟ್ರೋಲ್‌ಗೆ ಕೆಂಪು 1.5 ಚದರ ಮಿ.ಮೀ., ಡಿಸಿಗೆ ನೀಲಿ 0.75. ಎರಡೂ ಬೇರೆ ಬೇರೆ ಡಕ್ಟ್‌ನಲ್ಲಿ. ಪ್ರತಿ ತುದಿಗೂ ಲಗ್, ಪ್ರತಿ ತುದಿಗೂ ನಂಬರ್ ಫೆರೂಲ್. ಎಳೆ ತಾಮ್ರವನ್ನು ಹಾಗೇ ಸ್ಕ್ರೂಗೆ ಕೊಟ್ಟರೆ ಒಂದೆರಡು ಎಳೆ ಹೊರಗೆ ಚಾಚಿ ಪಕ್ಕದ ಟರ್ಮಿನಲ್ ಮುಟ್ಟುತ್ತವೆ.

ಕಾಂಟ್ಯಾಕ್ಟರ್ ಕಾಯಿಲ್‌ನ ಸರ್ಜ್ ತಡೆಯಲು 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಎಕ್ಸ್2 (ನೇರ ಮೇನ್‌ಗೆ ಹಾಕಬಹುದಾದ ಬಗೆಯ) ಕೆಪಾಸಿಟರ್ ಸರಣಿ, 10 ಕಾಂಟ್ಯಾಕ್ಟರ್‌ಗೂ. ಎಳೆಯುವಾಗ 160 ವಿಎ ತಿನ್ನುವ ದೊಡ್ಡ ಮೂರಕ್ಕೆ ಜೊತೆಗೆ 14 ಮಿ.ಮೀ.ನ 275 ವೋಲ್ಟ್ ಎಂಒವಿ (ವೋಲ್ಟೇಜ್ ಮಿತಿ ಮೀರಿದಾಗ ಮಾತ್ರ ಕರೆಂಟ್ ಹಾಯಿಸಿ ಏಟು ತಡೆಯುವ ಭಾಗ). ಏನೂ ಇಲ್ಲದಿದ್ದರೆ ಕಾಯಿಲ್ ಬಿಡುವ ಕ್ಷಣದ ಏಟು ಸಾವಿರ ವೋಲ್ಟ್ ದಾಟುತ್ತದೆ, ಕಾಂಟ್ಯಾಕ್ಟ್ ನಡುವೆ ಕಿಡಿಯಾಗಿ ಮುಗಿಯುತ್ತದೆ. ಕೆಪಾಸಿಟರ್ ಒಂದನ್ನೇ, ರೆಸಿಸ್ಟರ್ ಇಲ್ಲದೆ ಹಾಕಿದರೆ ಫೋಕಸ್ ಲೈಟ್ ಮಾಡಿದ ಕೆಲಸವನ್ನೇ ಅದೂ ಮಾಡುತ್ತದೆ.

ಈ ರೆಸಿಸ್ಟರ್-ಕೆಪಾಸಿಟರ್ ಸರಣಿಯನ್ನು ಎಲ್ಲಿ ಹಾಕಬೇಕೆಂಬ ವಿಷಯದಲ್ಲಿ ಎಡವುವವರೇ ಹೆಚ್ಚು. ಜಾಗ ಕಾಂಟ್ಯಾಕ್ಟರ್‌ನ ಎ1, ಎ2 ನಡುವೆ. ಕಾರ್ಡ್‌ನಲ್ಲಿ ರಿಲೇ ಕಾಂಟ್ಯಾಕ್ಟ್‌ಗೆ ಅಡ್ಡ ಹಾಕಿದರೆ ರಿಲೇ ತೆರೆದಾಗಲೂ ಕೆಪಾಸಿಟರ್ ಮೂಲಕ ಕರೆಂಟ್ ಸೋರುತ್ತಲೇ ಇರುತ್ತದೆ. 50 ಹರ್ಟ್ಸ್‌ನಲ್ಲಿ 0.1 ಮೈಕ್ರೋಫ್ಯಾರಡ್ ಎಂದರೆ ಸುಮಾರು 31.8 ಕಿಲೋಓಮ್; 230 ವೋಲ್ಟ್‌ಗೆ 7.2 ಮಿಲಿಆಂಪಿಯರ್. ದೊಡ್ಡ ಕಾಂಟ್ಯಾಕ್ಟರ್‌ಗೆ ಅದು ಲೆಕ್ಕಕ್ಕಿಲ್ಲ. ಆದರೆ ಎಲ್‌ಇಡಿ ಇಂಡಿಕೇಟರ್ ಆರುವುದೇ ಇಲ್ಲ, ಸಣ್ಣ 230 ವೋಲ್ಟ್ ರಿಲೇ ಒಮ್ಮೆ ಹಿಡಿದರೆ ಬಿಡುವುದೇ ಇಲ್ಲ, ಎಲೆಕ್ಟ್ರಾನಿಕ್ ಹೂಟರ್ ರಾತ್ರಿಯಿಡೀ ಸಣ್ಣಗೆ ಕುಯ್‌ಗುಡುತ್ತದೆ.

ಪಲ್ಸ್ ಜೆಟ್‌ಗೆ ರಿಲೇ ಕಾರ್ಡ್ ಕೂಡ ಬೇಡ. ನಾಲ್ಕಕ್ಕೂ ಡಿಸಿ ಸಾಲಿಡ್ ಸ್ಟೇಟ್ ರಿಲೇ (ಕಾಂಟ್ಯಾಕ್ಟ್ ಇಲ್ಲದ ಎಲೆಕ್ಟ್ರಾನಿಕ್ ಸ್ವಿಚ್), 2 ಆಂಪಿಯರ್‌ದು. ವಾಲ್ವ್ ಕಾಯಿಲ್ 0.83 ಆಂಪಿಯರ್ ತಿನ್ನುವುದರಿಂದ 0.5 ಆಂಪಿಯರ್‌ನ ಸಾಮಾನ್ಯ ಟ್ರಾನ್ಸಿಸ್ಟರ್ ಔಟ್‌ಪುಟ್ ನೇರ ಸಾಲುವುದಿಲ್ಲ. ಈಗ ಪಿಎಲ್‌ಸಿಯ ಒಳ ರಿಲೇಗೆ ಬರುವ ಹೊರೆ ಬರೀ 10 ಮಿಲಿಆಂಪಿಯರ್. ಕಿಡಿಯೇ ಇಲ್ಲದ ಮೇಲೆ ಉಳಿಯುವುದು ಯಾಂತ್ರಿಕ ಆಯುಸ್ಸು, ಒಂದು ಕೋಟಿ ಸಲ. ದಿನಕ್ಕೆ 1800ರಂತೆ ಹದಿನೈದು ವರ್ಷ. ಈ ನಾಲ್ಕು ಒಳ ರಿಲೇಗಳಲ್ಲಿ ಎರಡು ಇನ್ನೂ ಹಿಡಿಯುತ್ತಿದ್ದರೂ ನಾಲ್ಕನ್ನೂ ಬದಲಿಸಿದ್ದು ಇದಕ್ಕೇ: ಗುಳಿಬಿದ್ದು ಮಸಿ ಹಿಡಿದ ಮುಖದ ಮೂಲಕ 10 ಮಿಲಿಆಂಪಿಯರ್ ನಂಬಿಕೆಯಿಂದ ಹಾಯುವುದಿಲ್ಲ.

ವಾಲ್ವ್‌ಗೆ ಬರೀ ಡಯೋಡ್ ಹಾಕಬೇಡಿ. ಡಯೋಡ್ ಕಾಯಿಲ್‌ನ ಕರೆಂಟನ್ನು ಸುತ್ತುತ್ತ ಇಡುವುದರಿಂದ ವಾಲ್ವ್ ನಿಧಾನ ಮುಚ್ಚುತ್ತದೆ. 100 ಮಿಲಿಸೆಕೆಂಡ್‌ನ ಏಟು ಉದ್ದವಾಗಿ ಕಂಪ್ರೆಸರ್ ಗಾಳಿ ಪೋಲು. ಡಯೋಡ್ ಜೊತೆ ಎದುರುಬದುರಾಗಿ 33 ವೋಲ್ಟ್ ಝೀನರ್ ಸೇರಿಸಿದರೆ ಚಟ್ಟನೆ ಬಿಡುತ್ತದೆ. ಆಗ ಸಾಲಿಡ್ ಸ್ಟೇಟ್ ರಿಲೇ ತಾಳಬೇಕಾದದ್ದು 24 ಕೂಡಿಸು 33, ಅಂದರೆ 57 ವೋಲ್ಟ್ ಚಿಲ್ಲರೆ. 60 ವೋಲ್ಟ್‌ದು ತೀರಾ ಬಿಗಿ, 100 ವೋಲ್ಟ್‌ದು ತೆಗೆದುಕೊಂಡದ್ದು.

ಅಂಟಿದರೂ ನಿಲ್ಲಬೇಕು

ರಿಲೇ ಎಷ್ಟೇ ಒಳ್ಳೆಯದಿರಲಿ, ಅಂಟುವ ದಿನ ಬಂದೇ ಬರುತ್ತದೆ ಎಂದುಕೊಂಡೇ ಸರ್ಕ್ಯೂಟ್ ಹಾಕಬೇಕು. ಎಮರ್ಜೆನ್ಸಿ ಸ್ಟಾಪ್ ಪಿಎಲ್‌ಸಿಯ ಇನ್‌ಪುಟ್‌ಗೆ ಮಾತ್ರ ಹೋಗಿತ್ತು. ಅಂದರೆ ಕೆಂಪು ಗುಂಡಿ ಒತ್ತಿದರೂ ಅಂಟಿದ ಎಲಿವೇಟರ್ ನಿಲ್ಲುತ್ತಿರಲಿಲ್ಲ. ಅದಕ್ಕೇ ಮೇನ್ ಇಳಿಸಬೇಕಾಗಿ ಬಂದದ್ದು. ಈಗ ಎಲ್ಲ ಕಾಂಟ್ಯಾಕ್ಟರ್‌ಗಳ 230 ಕಂಟ್ರೋಲ್ ಫೇಸ್ ಒಂದು ಮಾಸ್ಟರ್ ಕಾಂಟ್ಯಾಕ್ಟರ್ ಮೂಲಕ ಬರುತ್ತದೆ, ಆ ಮಾಸ್ಟರ್‌ನ ಕಾಯಿಲ್ ದಾರಿಯಲ್ಲಿ ಎಮರ್ಜೆನ್ಸಿ ಗುಂಡಿಗಳ ಎನ್‌ಸಿ (ಒತ್ತದಿದ್ದಾಗ ಮುಚ್ಚಿರುವ) ಕಾಂಟ್ಯಾಕ್ಟ್‌ಗಳು ಸರಣಿಯಾಗಿ, ನೇರ ವೈರ್‌ನಲ್ಲಿ. ಖಾಲಿ ಇದ್ದ ಹದಿನಾರನೇ ಔಟ್‌ಪುಟ್ ಇದೇ ಸರಣಿಯಲ್ಲಿ ಕೂತಿತು, ಹನ್ನೆರಡನೇ ಚಾನೆಲ್ ಅದೇ. ಮಾಸ್ಟರ್‌ನ ಚಾನೆಲ್ ಎರಡನೇ ಕಾರ್ಡ್‌ನಲ್ಲಿರಲಿ, ಮೋಟಾರ್ ಸಾಲು ಮೊದಲನೆಯದರಿಂದ ತುಂಬುತ್ತ ಬರಲಿ. ಓವರ್‌ಲೋಡ್ ರಿಲೇಯ 95-96 (ಹೊರೆ ಮೀರಿದಾಗ ತೆರೆಯುವ ಕಾಂಟ್ಯಾಕ್ಟ್) ಆಯಾ ಕಾಂಟ್ಯಾಕ್ಟರ್ ಕಾಯಿಲ್‌ನಲ್ಲೇ ಇರಬೇಕು, ಪಿಎಲ್‌ಸಿಗೆ ಸುದ್ದಿ ಕೊಡಲು ಆಗ ಮುಚ್ಚುವ 97-98 ಇದೆ.

ಇನ್ನೊಂದು, ಪ್ರತಿ ಕಾಂಟ್ಯಾಕ್ಟರ್‌ನ 13-14 (ಕಾಂಟ್ಯಾಕ್ಟರ್ ಎಳೆದಾಗ ಮುಚ್ಚುವ ಸಣ್ಣ ಕಾಂಟ್ಯಾಕ್ಟ್) ಪಿಎಲ್‌ಸಿ ಇನ್‌ಪುಟ್‌ಗೆ. ಪ್ರೋಗ್ರಾಂನಲ್ಲಿ ಎರಡು ಸಾಲು: ಔಟ್‌ಪುಟ್ ಆಫ್ ಆಗಿ ಅರ್ಧ ಸೆಕೆಂಡ್ ಕಳೆದರೂ 13-14 ಮುಚ್ಚಿದ್ದರೆ ‘ಅಂಟಿದೆ’ ಎಂಬ ಅಲಾರಂ, ಮಾಸ್ಟರ್ ಬಿಡು, ಆನ್ ಆಗಿ ಅರ್ಧ ಸೆಕೆಂಡ್‌ಗೆ ಮುಚ್ಚದಿದ್ದರೆ ‘ಹಿಡಿದಿಲ್ಲ’, ಹಿಂದಿನ ಸಾಲಿನ ಯಂತ್ರಗಳೆಲ್ಲ ನಿಲ್ಲಲಿ. ಲೆವೆಲ್ ಸ್ವಿಚ್‌ಗೆ 3 ಸೆಕೆಂಡ್ ಡಿಲೇ, ಒಮ್ಮೆ ನಿಂತ ಮೋಟಾರ್ 5 ಸೆಕೆಂಡ್ ಒಳಗೆ ಮತ್ತೆ ಏಳದಂತೆ ತಡೆ.

ವೋಲ್ಟೇಜ್ ಬಗ್ಗೆ ಒಂದು ಮಾತು. ಎಸ್‌ಎಂಪಿಎಸ್ 85 ವೋಲ್ಟ್‌ವರೆಗೂ 24 ಕೊಡುತ್ತದೆ, ಹಾಗಾಗಿ ಪಿಎಲ್‌ಸಿಗೆ ಹೊರಗಿನ ಕರೆಂಟ್ ಇಳಿದದ್ದೇ ಗೊತ್ತಾಗುವುದಿಲ್ಲ. ಕಾಂಟ್ಯಾಕ್ಟರ್ ಎಳೆಯುವುದು ಶೇ. 85ರವರೆಗೆ, ಅಂದರೆ 195 ವೋಲ್ಟ್. ಅದಕ್ಕಿಂತ ಇಳಿದರೆ ಪೂರ್ತಿ ಎಳೆಯದೆ ಗರಗರ ಎನ್ನುತ್ತ, ಹಿಡಿದ ಮೇಲಿನ 7 ವಿಎ ಬದಲು ಎಳೆಯುವ ಕ್ಷಣದ 70 ವಿಎಯನ್ನೇ ಕುಡಿಯುತ್ತ ಕೆಲವೇ ನಿಮಿಷದಲ್ಲಿ ಕಾಯಿಲ್ ಸುಟ್ಟುಕೊಳ್ಳುತ್ತದೆ. ಸಿಂಗಲ್ ಫೇಸ್ ಪ್ರಿವೆಂಟರ್‌ನಲ್ಲಿ (ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಾಧನ) ಅಂಡರ್ ವೋಲ್ಟೇಜ್ ಇದ್ದರೆ ಅದರ ಕಾಂಟ್ಯಾಕ್ಟನ್ನೂ ಮಾಸ್ಟರ್ ಸರಣಿಗೆ ಸೇರಿಸಿ. ಚಳ್ಳಕೆರೆ ಕಡೆಯ ಎಣ್ಣೆ ಗಿರಣಿಗಳಿಗೂ ಇದೇ ಮಾತು. ಅಲ್ಲಿ ತೌಡಿನ ಬದಲು ಎಣ್ಣೆ ಜಿಡ್ಡಿನ ದೂಳು, ಅಷ್ಟೇ ವ್ಯತ್ಯಾಸ.

ಪರೀಕ್ಷೆ

ಕಾರ್ಡನ್ನು ಪ್ಯಾನೆಲ್‌ಗೆ ಹಾಕುವ ಮುಂಚೆ ಮೇಜಿನ ಮೇಲೆ, 200 ಮಿಲಿಆಂಪಿಯರ್‌ಗೆ ಮಿತಿ ಹಾಕಿದ ಸಪ್ಲೈಯಿಂದ ಒಂದೊಂದು ಚಾನೆಲ್‌ಗೆ 24 ವೋಲ್ಟ್. 21 ಮಿಲಿಆಂಪಿಯರ್ ಬರಬೇಕು. ಒಂದು ಚಾನೆಲ್‌ನಲ್ಲಿ ಸಪ್ಲೈ ಮಿತಿಗೆ ಬಡಿಯಿತು: ಡಯೋಡ್ ತಿರುಗಿ ಕೂತಿತ್ತು. ಮಿತಿ ಇಲ್ಲದೆ ನೇರ ಪಿಎಲ್‌ಸಿಯಿಂದ ಕೊಟ್ಟಿದ್ದರೆ ಈಗಷ್ಟೇ ಬದಲಿಸಿದ ಒಳ ರಿಲೇಯೊಂದು ಮತ್ತೆ ಅಂಟುತ್ತಿತ್ತು. ಆಮೇಲೆ ಕಾಂಟ್ಯಾಕ್ಟ್ ಮೂಲಕ 1 ಆಂಪಿಯರ್ ಹರಿಸಿ ವೋಲ್ಟೇಜ್ ಇಳಿಕೆ: ಫ್ಯೂಸ್ ಬಿಟ್ಟು, ರಿಲೇ ಕಾಲುಗಳ ನಡುವೆ 100 ಮಿಲಿವೋಲ್ಟ್ ಒಳಗಿರಬೇಕು.

ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) 500 ವೋಲ್ಟ್‌ನಲ್ಲಿ, ಕಾಯಿಲ್ ಬದಿಯ ಎಲ್ಲ ಟರ್ಮಿನಲ್ ಒಟ್ಟು ಕಟ್ಟಿ, ಕಾಂಟ್ಯಾಕ್ಟ್ ಬದಿಯ ಎಲ್ಲವನ್ನೂ ಒಟ್ಟು ಕಟ್ಟಿ. 100 ಮೆಗಾಓಮ್‌ಗಿಂತ ಮೇಲಿರಬೇಕು. ಪಿಎಲ್‌ಸಿ, ಎಸ್‌ಎಂಪಿಎಸ್ ಎರಡನ್ನೂ ಕಳಚಿರಬೇಕು ಎಂದು ಹೇಳಬೇಕಿಲ್ಲ. ಪ್ಯಾನೆಲ್‌ನಲ್ಲಿ ಫೇಸ್ ನ್ಯೂಟ್ರಲ್ ನಡುವೆ ಮೆಗ್ಗರ್ ಹಿಡಿಯುವವರು ಎಂಒವಿ ಬಿಚ್ಚಿ. 275ರ ಎಂಒವಿ 430 ವೋಲ್ಟ್ ಆಸುಪಾಸಿನಲ್ಲಿ ಬಾಯಿ ಬಿಡುವುದರಿಂದ ಒಳ್ಳೆಯ ಪ್ಯಾನೆಲ್ ಕೂಡ ಶಾರ್ಟ್ ಎಂದು ತೋರಿಸುತ್ತದೆ.

ಕೊನೆಗೆ ಮೋಟಾರ್‌ಗಳ ಎಂಸಿಬಿ ಇಳಿಸಿಟ್ಟು, ಕಾಂಟ್ಯಾಕ್ಟರ್‌ಗಳನ್ನು ಮಾತ್ರ 2 ಸೆಕೆಂಡ್ ಆನ್, 2 ಸೆಕೆಂಡ್ ಆಫ್, ಸಾವಿರ ಸಲ. ಒಂದು ತಾಸು ಏಳು ನಿಮಿಷ ಹಿಡಿಯುತ್ತದೆ. ಮುಗಿದ ಕೂಡಲೇ ಲೋಡ್ ಇರುವಾಗಿನ ಇಳಿಕೆಯನ್ನು ಮತ್ತೆ ಅಳೆದಾಗ ಹನ್ನೆರಡೂ 0.1 ವೋಲ್ಟ್ ಒಳಗೇ ಇದ್ದವು. ನಡುವೆ ಒಂದು ರಿಲೇಯನ್ನು ಕಿತ್ತು, ಸಾಕೆಟ್‌ನ ಕಾಮನ್ ಮತ್ತು ಎನ್‌ಒ (ರಿಲೇ ಎಳೆದಾಗ ಮುಚ್ಚುವ ಕಾಂಟ್ಯಾಕ್ಟ್) ನಡುವೆ ವೈರ್ ತುಂಡು ಸಿಕ್ಕಿಸಿ ಅಂಟಿದಂತೆ ಮಾಡಿ ನೋಡಿದ್ದಾಯಿತು: ಅಲಾರಂ ಬಂತು, ಮಾಸ್ಟರ್ ಬಿಟ್ಟಿತು. ಅದೇ ಸ್ಥಿತಿಯಲ್ಲಿ ಪಿಎಲ್‌ಸಿಯನ್ನು ಸ್ಟಾಪ್‌ಗೆ ಹಾಕಿ, ಮಾಸ್ಟರ್ ಚಾನೆಲ್‌ಗೂ ತಂತಿ ಹಾಕಿ ಎಮರ್ಜೆನ್ಸಿ ಒತ್ತಿದರೂ ಬಿಟ್ಟಿತು. ತಂತಿಗಳನ್ನು ಎಣಿಸಿ ಹಾಕಿ, ಎಣಿಸಿಯೇ ತೆಗೆಯಿರಿ.

ಉಳಿದ ಎರಡು ರಿಲೇ ಮತ್ತು ಫ್ಯೂಸ್‌ಗಳನ್ನು ಚೀಲದಲ್ಲಿ ಕಟ್ಟಿ ಪ್ಯಾನೆಲ್ ಬಾಗಿಲ ಒಳಗೆ ನೇತುಹಾಕಿದೆ, ಪಕ್ಕದಲ್ಲಿ ಚಾನೆಲ್ ನಂಬರ್, ಮೋಟಾರ್ ಹೆಸರು ಬರೆದ ಹಾಳೆ. ಎಲಿವೇಟರ್ ಗುಂಡಿಯ ಫೋಕಸ್ ಲೈಟ್‌ಗೆ ಲೈಟಿಂಗ್ ಬೋರ್ಡ್‌ನಿಂದ ಬೇರೆ ವೈರ್ ಎಳೆದು, ಗುಂಡಿಯ ಬಾಯಿಯಲ್ಲಿ ಒಂದು ಸಾದಾ 6 ಆಂಪಿಯರ್ ಸ್ವಿಚ್ ಹಾಕಿದೆ.